ನ್ಯೂಯಾರ್ಕ್‌ನ 92ನೇ ಬೀದಿಯ ‘ವೈ’ ಆಧುನಿಕ ನೃತ್ಯಕ್ಕೆ ಯಾಕೆ ಅಷ್ಟು ಮುಖ್ಯ?

‘ವೈ’ ಅನ್ನುವ ಒಂದು ಸಮುದಾಯ ಕೇಂದ್ರದಿಂದ ನೃತ್ಯಕ್ಕೆ ಏನು ಸಿಕ್ಕೀತು ಅಂತ ಕೇಳಿದ್ದೀರಿ. ಮೊದಲು ಸಿಕ್ಕಿದ್ದು ಜಾಗ. ಹೊಸ ಕಲೆಗೆ ಅದೇ ದೊಡ್ಡದು, ಅಲ್ವಾ?

1874ರಲ್ಲಿ ಯಹೂದಿ ಯುವಕರಿಗಾಗಿ ಶುರುವಾದ ಸಂಸ್ಥೆ ಇದು. ನೃತ್ಯ ವಿಭಾಗ ಬಂದದ್ದು 1935ರಲ್ಲಿ, ಅಲ್ಲಿನ ಶಿಕ್ಷಣ ನಿರ್ದೇಶಕ ವಿಲಿಯಂ ಕೊಲಾಡ್ನಿ ಅವರ ಉತ್ಸಾಹದಿಂದ. ಆಧುನಿಕ ನೃತ್ಯ ಅನ್ನುವ ಬರಿಗಾಲಿನ ಈ ಕುಣಿತವನ್ನು ಕಲೆ ಅಂತ ಒಪ್ಪುವವರೇ ಆಗ ಕಡಿಮೆ. ಈ ನೃತ್ಯದ ಮುಂಚೂಣಿಯಲ್ಲಿದ್ದ ಮಾರ್ಥಾ ಗ್ರಹಾಂ, ಡೋರಿಸ್ ಹಂಫ್ರಿ, ಚಾರ್ಲ್ಸ್ ವೈಡ್‌ಮನ್, ಹಾನ್ಯಾ ಹೋಮ್ ಅವರಿಗೆಲ್ಲ ಈ ಕೇಂದ್ರ ಬಾಗಿಲು ತೆರೆಯಿತು.

ನನಗೆ ಇದಕ್ಕಿಂತಲೂ ಜಾಸ್ತಿ ಮುಖ್ಯ ಅನ್ನಿಸುವುದು ಇನ್ನೊಂದು. ಕಪ್ಪು ಕಲಾವಿದರಿಗೆ ಆ ಊರಿನಲ್ಲಿ ವೇದಿಕೆಗಳೇ ವಿರಳವಾಗಿದ್ದ ಕಾಲ ಅದು. ನರ್ತಕಿ ಪರ್ಲ್ ಪ್ರೈಮಸ್ 1943ರಲ್ಲಿ ಇಲ್ಲೇ ಮೊದಲು ಹೆಸರು ಮಾಡಿದರು. ನೃತ್ಯ ಸಂಯೋಜಕ ಆಲ್ವಿನ್ ಐಲಿ 1958ರ ಮಾರ್ಚ್‌ನಲ್ಲಿ ತಮ್ಮ ತಂಡದ ಮೊದಲ ಪ್ರದರ್ಶನ ಕೊಟ್ಟದ್ದೂ ಇಲ್ಲೇ. ಎರಡು ವರ್ಷದ ನಂತರ ಅವರ ‘ರೆವೆಲೇಷನ್ಸ್’ ಅನ್ನುವ ನೃತ್ಯ ಇದೇ ವೇದಿಕೆ ಹತ್ತಿತು. ಚರ್ಚಿನ ಹಾಡು, ಅಜ್ಜ-ಅಜ್ಜಿಯರ ನೋವು, ನಂಬಿಕೆ ಎಲ್ಲ ಅದರಲ್ಲಿದೆ. ಆ ತಂಡ ಅದನ್ನು ಇವತ್ತಿಗೂ ಆಡುತ್ತಿದೆ.

ಸುಮ್ನೆ ಪ್ರದರ್ಶನವಷ್ಟೇ ಅಲ್ಲ, ಪಾಠವೂ ಇತ್ತು. ಈಗ ಹಾರ್ಕ್‌ನೆಸ್ ನೃತ್ಯ ಕೇಂದ್ರ ಅನ್ನುವ ಹೆಸರಿನಲ್ಲಿ ಮಕ್ಕಳೂ ದೊಡ್ಡವರೂ ಅಲ್ಲಿ ಕಲಿಯುತ್ತಾರೆ.