1950–60ರ ದಶಕದ ಬಣ್ಣದ ಗಾಜಿನ ಬೋಗುಣಿ ಕೊಳ್ಳುವಾಗ ಏನೇನು ನೋಡಬೇಕು?

1950–60ರ ದಶಕದ ಅಡುಗೆಮನೆ ಪಾತ್ರೆಗಳನ್ನು ಕೂಡಿಸಲು ಹೊರಟಿದ್ದೇನೆ, ಆಂಟಿಕ್ ಅಂಗಡಿಯಲ್ಲಿ ಒಳ್ಳೆಯ ಮಾಲನ್ನು ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಹೊಸಬರು ಹೆಚ್ಚು ಮೋಸಹೋಗುವುದು ಅಮೆರಿಕದ ಗಾಜಿನ ಪಾತ್ರೆ ಬ್ರ್ಯಾಂಡ್ ಪೈರೆಕ್ಸ್‌ನ ಬಣ್ಣದ ಬೋಗುಣಿಗಳಲ್ಲಿ. ಹಾಗಾಗಿ ಅದರಿಂದಲೇ ಶುರುಮಾಡುತ್ತೇನೆ.

ಇವು ಬಣ್ಣದ ಗಾಜಲ್ಲ, ಹಾಲುಬಿಳುಪಿನ ಗಾಜು. ಹೊರಮೈಗೆ ಮಾತ್ರ ಎನಾಮೆಲ್ ಬಣ್ಣ ಸಿಂಪಡಿಸಿ ಬಿಸಿಯಲ್ಲಿ ಕೂಡಿಸಿರುತ್ತಾರೆ. ಡಿಶ್‌ವಾಷರ್ ಪುಡಿಯ ಕ್ಷಾರವೂ ಬಿಸಿನೀರೂ ಸೇರಿ ಆ ಪದರದ ಹೊಳಪನ್ನು ತಿಂದುಹಾಕುತ್ತವೆ. ಹಾಗೆ ಕೆಟ್ಟದ್ದನ್ನು ಸವರಿದರೆ ಸೀಮೆಸುಣ್ಣ ಮುಟ್ಟಿದಂತಿರುತ್ತದೆ. ಇದು ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ಪಾಲಿಶ್ ಮಾಡಿದರೆ ಇರುವ ಬಣ್ಣವೂ ಹೋಗುತ್ತದೆ.

ಕೆಲವು ಮಾರಾಟಗಾರರು ಮಂಕಾದ ಬೋಗುಣಿಗೆ ಮಿನರಲ್ ಆಯಿಲ್ ಸವರಿ ಇಟ್ಟಿರುತ್ತಾರೆ. ಅಂಗಡಿಯ ಬೆಳಕಿನಲ್ಲಿ ಅದು ಹೊಸದರಂತೆ ಮಿನುಗುತ್ತದೆ, ಮನೆಯಲ್ಲಿ ಒಂದು ಸಲ ಸೋಪು ಹಾಕಿ ತೊಳೆದರೆ ಬಣ್ಣ ಬಯಲು. ಆದ್ದರಿಂದ ನನ್ನ ಮೊದಲ ಪರೀಕ್ಷೆ ಒಣ ಟಿಶ್ಯೂನಿಂದ ಗಟ್ಟಿಯಾಗಿ ಒರೆಸುವುದು. ಟಿಶ್ಯೂಗೆ ಜಿಡ್ಡು ಹತ್ತಿದರೆ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬಣ್ಣದ ಮೇಲೆ ಬೆಳಕಿನ ಬಿಂಬದ ಅಂಚು ಸ್ಪಷ್ಟವಾಗಿ ಕಂಡರೆ ಹೊಳಪು ಉಳಿದಿದೆ; ಬೆಳಕು ಮಂಜಿನ ಹಾಗೆ ಹರಡಿಕೊಂಡರೆ ಡಿಶ್‌ವಾಷರ್ ಕಂಡ ಮಾಲು. ಒಂದು ಕಡೆ ನೋಡಿ ಬಿಡಬೇಡಿ, ಸುತ್ತಲೂ ತಿರುಗಿಸಿ. ಒಂದರೊಳಗೊಂದು ಜೋಡಿಸಿಟ್ಟ ಬೋಗುಣಿಗಳಲ್ಲಿ ಉಜ್ಜಿದ ಗೀರುಗಳು ಹೊಟ್ಟೆಯ ಸುತ್ತ ಬಳೆಯ ಹಾಗೆ ಇರುತ್ತವೆ, ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಅಂಚಿನಲ್ಲಿ ಮುಕ್ಕಾಗಿದೆಯೇ ಎಂದು ಕಣ್ಣಿನಿಂದ ಹುಡುಕಬೇಡಿ. ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ನಿಧಾನವಾಗಿ ಒಂದು ಸುತ್ತು ಓಡಿಸಿ; ಸಾಸಿವೆಯಷ್ಟು ಮುಕ್ಕು ಇದ್ದರೂ ಉಗುರು ತಡೆಯುತ್ತದೆ. 1957ರಲ್ಲಿ ಬಂದ ಸಿಂಡರೆಲಾ ಎಂಬ ಹೆಸರಿನ ಪೈರೆಕ್ಸ್ ಬೋಗುಣಿಗಳಿಗೆ ಎರಡು ಬದಿಗೂ ಸುರಿಯುವ ಮೂತಿ ಇದೆ, ಪೆಟ್ಟು ಮೊದಲು ಬೀಳುವುದು ಅಲ್ಲಿಗೇ.

ಇನ್ನು ಸೆಟ್ಟಿನ ಮಾತು. 1940ರ ದಶಕದ ಮಧ್ಯದಲ್ಲಿ ಬಂದ ನಾಲ್ಕು ಬಣ್ಣಗಳ ಸೆಟ್ಟಿನಲ್ಲಿ ದೊಡ್ಡದು ಹಳದಿ (ಮಾದರಿ ಸಂಖ್ಯೆ 404, ಸುಮಾರು 3.8 ಲೀಟರ್), ನಂತರ ಹಸಿರು (403, 2.4 ಲೀಟರ್), ಕೆಂಪು (402, 1.4 ಲೀಟರ್), ಚಿಕ್ಕದು ನೀಲಿ (401, 0.7 ಲೀಟರ್). ಸಂಖ್ಯೆ ತಳದಲ್ಲಿ ಉಬ್ಬಾಗಿ ಇರುತ್ತದೆ. ತೀರಾ ಮೊದಲಿನವುಗಳಲ್ಲಿ ಸಂಖ್ಯೆಯೇ ಇರುವುದಿಲ್ಲ, ಇಲ್ಲವೆಂದು ನಕಲಿ ಅನ್ನಬೇಡಿ. ಅಂಗಡಿಯವರು ಬೇರೆ ಬೇರೆ ಕಡೆಯಿಂದ ತಂದು ಸೆಟ್ ಕಟ್ಟುವುದು ಮಾಮೂಲು, ಅದು ತಪ್ಪೂ ಅಲ್ಲ. ಆದರೆ ಮೂರು ಹೊಳೆಯುತ್ತಿದ್ದು ಒಂದು ಮಂಕಾಗಿದ್ದರೆ ಪೂರ್ತಿ ಸೆಟ್ಟಿನ ಬೆಲೆ ಕೊಡಬೇಡಿ. ಬಿಡಿಬಿಡಿಯಾಗಿ ಕೊಂಡು ನೀವೇ ಸೆಟ್ ಕಟ್ಟುವುದೇ ನನ್ನ ಪ್ರಕಾರ ಜಾಣತನ. ಬೆಲೆ ಅಂದಾಜು ಮಾಡುವಾಗಲೂ ಆನ್‌ಲೈನ್‌ನಲ್ಲಿ ಕೇಳುತ್ತಿರುವ ಬೆಲೆ ನೋಡದೆ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಕೇಳುವುದಕ್ಕೆ ಯಾರು ಎಷ್ಟು ಬೇಕಾದರೂ ಕೇಳಬಹುದು.

ಫ್ರಿಜ್‌ನಲ್ಲಿಡುವ ಆಯತಾಕಾರದ ಪೈರೆಕ್ಸ್ ಡಬ್ಬಿಗಳಲ್ಲಿ (501, 502, 503) ಕಷ್ಟವಿರುವುದು ಮುಚ್ಚಳದ್ದು. ಮೂಲೆ ಮುಕ್ಕಾಗದ ಮುಚ್ಚಳ ಸಿಗುವುದೇ ಅಪರೂಪ. ಮುಚ್ಚಳದ ಮೇಲೂ ಸಂಖ್ಯೆಯ ಜೊತೆ ‘ಸಿ’ ಅಕ್ಷರ ಇರುತ್ತದೆ, ಡಬ್ಬಿಯ ಸಂಖ್ಯೆಗೆ ಹೊಂದಿಸಿ ನೋಡಿ.

ಕೊಳ್ಳದೆ ಬಿಡಬಾರದ ‘ದೋಷ’ವೂ ಒಂದಿದೆ. ಒಳಗಿನ ಬಿಳಿ ಗಾಜಿನ ಮೇಲೆ ಪೆನ್ಸಿಲ್‌ನಲ್ಲಿ ಗೀಚಿದಂತಹ ಬೂದುಗೆರೆಗಳು ಬಹಳ ಸಲ ಗೀರಲ್ಲ, ಚಮಚದ ಲೋಹ ಗಾಜಿಗೆ ಹತ್ತಿದ್ದು. ಆಕ್ಸಾಲಿಕ್ ಆಮ್ಲವಿರುವ ಪುಡಿಯನ್ನು (ಬಾರ್ ಕೀಪರ್ಸ್ ಫ್ರೆಂಡ್ ಅಂಥದ್ದು) ನೀರಲ್ಲಿ ಕಲಸಿ, ಕೈಗವಸು ಹಾಕಿಕೊಂಡು ಮೆತ್ತನೆಯ ಬಟ್ಟೆಯಿಂದ ಒಂದು ನಿಮಿಷ ಉಜ್ಜಿ, ಚೆನ್ನಾಗಿ ತೊಳೆಯಿರಿ. ಒಳಗೆ ಮಾತ್ರ, ಬಣ್ಣಕ್ಕೆ ತಾಗಿಸಬೇಡಿ. ಬೆಲೆಯ ಸ್ಟಿಕ್ಕರ್ ಪಾತ್ರೆಯ ಮೇಲೆ ಅಚ್ಚಾದ ಚಿತ್ರದ ಮೇಲೇ ಅಂಟಿದ್ದರೆ ಕಿತ್ತು ತೆಗೆಯಬೇಡಿ, ಚಿನ್ನದ ಬಣ್ಣದ ಗೆರೆ ಅದರ ಜೊತೆಗೇ ಬರುತ್ತದೆ. ಅಡುಗೆ ಎಣ್ಣೆ ಹಚ್ಚಿ ಹತ್ತಿಪ್ಪತ್ತು ನಿಮಿಷ ಬಿಟ್ಟರೆ ತಾನೇ ಜಾರುತ್ತದೆ.

ಎನಾಮೆಲ್ ಉಕ್ಕಿನ ಪಾತ್ರೆಗಳಲ್ಲಿ, ಅಂದರೆ ನಾರ್ವೆಯ ಕ್ಯಾಥರೀನ್‌ಹೋಲ್ಮ್ ಕಂಪನಿಯವು, 1956ರಲ್ಲಿ ಬಂದ ಡಾನ್ಸ್ಕ್ ಕಂಪನಿಯ ಕೋಬೆನ್‌ಸ್ಟೈಲ್ ಮುಂತಾದವುಗಳಲ್ಲಿ, ಮುಕ್ಕಾದ ಕಡೆ ತುಕ್ಕು ಇದೆಯೇ ನೋಡಿ. ಹೊರಗಿನ ಮುಕ್ಕು ಅಂದಕ್ಕಷ್ಟೇ ಕೇಡು. ಒಳಗೆ ಎನಾಮೆಲ್ ಎದ್ದಿದ್ದರೆ ಅಡುಗೆಗೆ ಬೇಡ, ಚೂರು ಊಟದಲ್ಲಿ ಸೇರುತ್ತದೆ.

ಕಾರ್ನಿಂಗ್‌ವೇರ್ ಬ್ರ್ಯಾಂಡಿನ ಪಾತ್ರೆ ತೆಗೆದುಕೊಳ್ಳುವಾಗ ತಳದಲ್ಲಿ ಬರೆದದ್ದನ್ನು ಓದಿ. 1958ರ ಮೂಲ ಪಾತ್ರೆ ಗಾಜು-ಸೆರಾಮಿಕ್, ಒಲೆಯ ಮೇಲಿಡಬಹುದು. ಮುಂದೆ ಅದೇ ಹೆಸರಲ್ಲಿ ಬಂದ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪಾತ್ರೆಗಳನ್ನು ಇಡುವಂತಿಲ್ಲ, ಬಿರುಕು ಬಿಡುತ್ತವೆ. ಬಣ್ಣದ ಪೈರೆಕ್ಸನ್ನಂತೂ ಉರಿಯ ಮೇಲೆ ಇಡಲೇಬೇಡಿ.

ಬಳಸುವುದಾದರೆ ಇನ್ನೊಂದು ವಿಷಯ: ಆ ಕಾಲದ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವುದುಂಟು. ಬಣ್ಣ ಸವೆದು ಪುಡಿಯೇಳುವ ಪಾತ್ರೆಯನ್ನು ಕಪಾಟಿನಲ್ಲಿ ನೋಡಲು ಮಾತ್ರ ಇಡುತ್ತೇನೆ. ಮನೆಯಲ್ಲೇ ಮಾಡುವ ಸ್ವಾಬ್ ಪರೀಕ್ಷೆಯಲ್ಲಿ (ಪಾತ್ರೆಗೆ ಕಡ್ಡಿ ಉಜ್ಜಿ ಅದರ ಬಣ್ಣ ಬದಲಾಗುತ್ತದೆಯೇ ನೋಡುವುದು) ಸೀಸ ತೋರಲಿಲ್ಲ ಎಂದಮಾತ್ರಕ್ಕೆ ಇಲ್ಲ ಎಂದಲ್ಲ. ಒಂದರೊಳಗೊಂದು ಇಡುವಾಗ ನಡುವೆ ಬಟ್ಟೆ ಹಾಸಿ. ಇಲ್ಲದಿದ್ದರೆ ಮೇಲಿನದರ ಬಣ್ಣ ಉದುರಿ ಕೆಳಗಿನದರ ಒಳಗೇ ಕೂರುತ್ತದೆ.