ವರ್ಡ್‌ನ ಪರಿವಿಡಿಯಲ್ಲಿ ನಾಲ್ಕನೇ ಹಂತದ ಹೆಡಿಂಗ್ ಯಾಕೆ ಬರುತ್ತಿಲ್ಲ?

2.3.1.1 ತರಹದ ಹೆಡಿಂಗ್‌ಗಳು ಪರಿವಿಡಿಯಲ್ಲಿ ಕಾಣುತ್ತಿಲ್ಲ, ಮೈಕ್ರೋಸಾಫ್ಟ್ ವರ್ಡ್‌ಗೆ ಮೂರೇ ಹಂತದ ಮಿತಿಯಾ ಅಂತ ಕೇಳಿದ್ದೀರಿ. ಅಲ್ಲ. ಮೂರು ಅನ್ನುವುದು ವರ್ಡ್ ಮೊದಲೇ ಹಾಕಿಟ್ಟಿರುವ ಲೆಕ್ಕ ಅಷ್ಟೆ. ಒಂಬತ್ತರವರೆಗೂ ಹೋಗಬಹುದು.

ನಾನೂ ನಿಮ್ಮ ಹಾಗೇ ಅಂದುಕೊಂಡು, ಪ್ರಬಂಧ ಬರೆಯುವಾಗ ನಾಲ್ಕನೇ ಹಂತದ ಸಾಲುಗಳನ್ನೆಲ್ಲ ಪರಿವಿಡಿಯೊಳಗೆ ಕೈಯಾರೆ ಟೈಪ್ ಮಾಡಿದ್ದೆ. ಮೂವತ್ತು ಸಾಲಾದರೂ ಇದ್ದವು. ಆಮೇಲೆ ಪರಿವಿಡಿ ಅಪ್‌ಡೇಟ್ ಮಾಡಿದೆ, ಪುಟಸಂಖ್ಯೆ ಮಾತ್ರ ಅನ್ನುವ ಬದಲು ಪೂರ್ತಿ ಪಟ್ಟಿ ಅಂತ ಒತ್ತಿಬಿಟ್ಟೆ. ಅಷ್ಟೂ ಮಾಯ!

ಮಾಡಬೇಕಾದ್ದು ಇಷ್ಟೇ. ರೆಫರೆನ್ಸಸ್ ಟ್ಯಾಬ್‌ನಲ್ಲಿ ಟೇಬಲ್ ಆಫ್ ಕಂಟೆಂಟ್ಸ್ ಒತ್ತಿ, ಕೆಳಗಿರುವ ಕಸ್ಟಮ್ ಆಯ್ಕೆಗೆ ಹೋಗಿ. ಅಲ್ಲಿ ‘ಶೋ ಲೆವೆಲ್ಸ್’ ಎದುರು 3 ಇರುತ್ತದೆ, 4 ಮಾಡಿ. ಹಳೆಯದನ್ನು ಬದಲಾಯಿಸಲಾ ಅಂತ ಕೇಳಿದರೆ ಹೂಂ ಅನ್ನಿ. ಒಳಗೆ ಏನು ನಡೆಯುತ್ತದೆ ಅಂತ ನೋಡುವ ಕುತೂಹಲ ಇದ್ದರೆ ಆಲ್ಟ್ ಮತ್ತು ಎಫ್9 ಒಟ್ಟಿಗೆ ಒತ್ತಿ. ಇಡೀ ಪರಿವಿಡಿ ಒಂದೇ ಸಾಲಿನ ಕೋಡ್ ಆಗುತ್ತದೆ, ಅದರಲ್ಲಿ ಉದ್ಧರಣ ಚಿಹ್ನೆಯ ನಡುವೆ 1-3 ಅಂತ ಇರುತ್ತದೆ. ಮಿತಿ ಅಂತ ನಾವು ತಿಳಿದಿದ್ದು ಆ ಒಂದು ಅಂಕಿ! ಅದನ್ನು 1-4 ಮಾಡಿ, ಮತ್ತೆ ಆಲ್ಟ್-ಎಫ್9, ಆಮೇಲೆ ಪರಿವಿಡಿ ಮೇಲೆ ಕರ್ಸರ್ ಇಟ್ಟು ಬರೀ ಎಫ್9.

ಆದರೂ ಬರಲಿಲ್ಲವಾ? ಹಾಗಾದರೆ ಅವು ಹೆಡಿಂಗೇ ಅಲ್ಲ, ಸುಮ್ನೆ ಬೋಲ್ಡ್ ಮಾಡಿದ ಸಾಲುಗಳು. ಅಕ್ಷರ ದಪ್ಪಗಿದೆಯಾ ಅಂತ ವರ್ಡ್ ನೋಡುವುದಿಲ್ಲ, ಸ್ಟೈಲ್ ನೋಡುತ್ತದೆ, ಅಂದರೆ ಹೆಡಿಂಗ್ 1, ಹೆಡಿಂಗ್ 2 ಅಂತ ಸಾಲಿಗೆ ಕೊಡುವ ಸಿದ್ಧ ವಿನ್ಯಾಸ. ಆ ಸಾಲುಗಳಿಗೆ ಹೆಡಿಂಗ್ 4 ಸ್ಟೈಲ್ ಕೊಡಿ. ಅದು ಸ್ಟೈಲ್‌ಗಳ ಪಟ್ಟಿಯಲ್ಲಿ ಸಿಗದಿದ್ದರೆ ಹೆಡಿಂಗ್ 3 ಕೊಟ್ಟು, ಆಲ್ಟ್, ಶಿಫ್ಟ್ ಮತ್ತು ಬಲ ಬಾಣದ ಕೀ ಒತ್ತಿ. ಒಂದು ಹಂತ ಕೆಳಗಿಳಿಯುತ್ತದೆ.

ಒಂಬತ್ತು ಹಂತ ಇದೆ ಅಂತ ಎಲ್ಲವನ್ನೂ ಬಳಸಲು ಹೋಗಬೇಡಿ. ನನ್ನ ಪ್ರಕಾರ ನಾಲ್ಕೇ ಜಾಸ್ತಿ. ವರ್ಡ್ ತರಹದ್ದೇ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಹತ್ತು ಹಂತ ಇದೆ, ಗೂಗಲ್ ಡಾಕ್ಸ್‌ನಲ್ಲಿ ಹೆಡಿಂಗ್ ಆರಕ್ಕೇ ನಿಲ್ಲುತ್ತದೆ. ಫೈಲನ್ನು ಅಲ್ಲಿಗೆ ಒಯ್ಯುವ ಯೋಚನೆ ಇದ್ದರೆ ಇದು ನೆನಪಿರಲಿ.

ಇನ್ನೊಂದು, ನಾಲ್ಕನೇ ಹಂತದ ಸಾಲುಗಳು ತೀರಾ ಒಳಗೆ ಸರಿದು ಕೂತರೆ ಪರಿವಿಡಿಯಲ್ಲೇ ಎಳೆದು ಸರಿಮಾಡಬೇಡಿ, ಮುಂದಿನ ಅಪ್‌ಡೇಟ್‌ಗೆ ಅದೂ ಹೋಗುತ್ತದೆ. ಪರಿವಿಡಿಯ ನಾಲ್ಕನೇ ಹಂತಕ್ಕೆ ಇರುವ ‘ಟಿಓಸಿ 4’ ಅನ್ನುವ ಸ್ಟೈಲನ್ನೇ ತಿದ್ದಿ.