ಜೌಗಿನ ಗಿಡಗಳಲ್ಲಿ ಇಡೀ ಜೀವನ ಸಂಶೋಧನೆ ಮಾಡುವಷ್ಟು ಏನಿದೆ?

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದೇನೆ, ಜೌಗು ನೆಲದ ಸಸ್ಯ ಸಮುದಾಯಗಳ ಮೇಲೆ ಪಿಎಚ್.ಡಿ. ಮಾಡುವ ಆಸೆ ಇದೆ, ಆದರೆ ಕೆಸರಲ್ಲಿ ಹುಲ್ಲು ಎಣಿಸುತ್ತಾ ಜೀವನ ಕಳೆಯಬಹುದಾ ಅಂತ ಕೇಳಿದ್ದೀರಿ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಕೆಲಸ ಮಾಡುತ್ತಾ ಬಂದಿದ್ದೇನೆ. ಇನ್ನೂ ಇಪ್ಪತ್ತು ವರ್ಷ ಸಿಕ್ಕರೂ ಸಾಲದು.

ಎಣಿಸುವುದು ನಿಜ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಇಟ್ಟು, ಅದರೊಳಗೆ ಯಾವ ಯಾವ ಗಿಡ ಇದೆ, ಪ್ರತಿಯೊಂದೂ ಎಷ್ಟು ಜಾಗ ಹಿಡಿದಿದೆ ಅಂತ ಬರೆದುಕೊಳ್ಳುತ್ತೇವೆ. ಇದಕ್ಕೆ ಕ್ವಾಡ್ರಟ್ ಅನ್ನುತ್ತಾರೆ. ಮೊಣಕಾಲುದ್ದ ನೀರಲ್ಲಿ ಬಗ್ಗಿ ನಿಂತು ಒಂದೊಂದು ಚೌಕಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಹೂ ಬಿಟ್ಟ ಗಿಡ ಸಿಕ್ಕಿದರೆ ಅದೃಷ್ಟ. ಜಾಸ್ತಿ ಸಲ ಎಲೆ ಕಾಂಡ ನೋಡಿಯೇ ಹೆಸರು ಹೇಳಬೇಕು. ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ. ಮೂರು ಅಂಚು ತಾಗಿದರೆ ಅದು ಬಹುತೇಕ ಜೇಕಿನ ಜಾತಿ. ಗುಂಡಗಿದ್ದು ಗೆಣ್ಣು ಇದ್ದರೆ ಹುಲ್ಲು. ಈ ಬೆರಳಿನ ಜ್ಞಾನ ಬರಲು ನನಗೆ ಎರಡು ವರ್ಷ ಬೇಕಾಯಿತು.

ಆದರೆ ಎಣಿಕೆಗಿಂತ ದೊಡ್ಡ ವಿಷಯ ಬೇರೆ ಇದೆ. ಅದು ನನಗೆ ನನ್ನದೇ ತಪ್ಪಿನಿಂದ ಗೊತ್ತಾಯಿತು.

ಪಿಎಚ್.ಡಿ. ಮಾಡುವಾಗ ಮೂರು ವರ್ಷ ಒಂದೇ ಜಾಗದ ಚೌಕಗಳನ್ನು ನೋಡಿದೆ. ಮೊದಲ ವರ್ಷ ದಡದ ಹತ್ತಿರ ಒಂದು ಗಿಡ್ಡ ಜೇಕು ಎಲ್ಲಾ ಕಡೆ ಇತ್ತು. ಮುಂದಿನ ಎರಡು ವರ್ಷ ನೀರು ಏರಿತು. ಜೇಕು ಮಾಯ. ಪುಸ್ತಕದಲ್ಲಿ ಸೊನ್ನೆ, ಸೊನ್ನೆ ಅಂತ ಬರೆದೆ. ಈ ಗಿಡ ಇಲ್ಲಿಂದ ಹೋಯಿತು ಅಂತ ಪ್ರಬಂಧದಲ್ಲೂ ಬರೆದೆ. ಎರಡು ವರ್ಷ ಬಿಟ್ಟು, ನೆಟ್ಟಿದ್ದ ಗುರುತಿನ ಕಂಬಗಳನ್ನು ಕಿತ್ತು ತರೋಣ ಅಂತ ಹೋದೆ. ಆ ವರ್ಷ ನೀರು ಇಳಿದು ಕೆಸರು ಬಿಸಿಲಿಗೆ ಬಿದ್ದಿತ್ತು. ಅದೇ ಚೌಕಗಳಲ್ಲಿ ಅದೇ ಜೇಕಿನ ಸಸಿಗಳು, ಕಾಲಿಡಲು ಜಾಗ ಇಲ್ಲದಷ್ಟು. ಕಂಬ ಕೀಳಲಿಲ್ಲ. ಇವತ್ತಿಗೂ ಅವು ಅಲ್ಲೇ ಇವೆ.

ಗಿಡ ಎಲ್ಲೂ ಹೋಗಿರಲಿಲ್ಲ. ಬೀಜವಾಗಿ ಕೆಸರಿನಲ್ಲಿ ಕಾಯುತ್ತಿತ್ತು. ಇದನ್ನು ಮಣ್ಣಿನ ಬೀಜ ಭಂಡಾರ ಅನ್ನುತ್ತಾರೆ. ಅಮೆರಿಕದ ಹುಲ್ಲುಗಾವಲಿನ ಜೌಗುಗಳಲ್ಲಿ ಕೆಲಸ ಮಾಡಿದ ಆರ್ನಾಲ್ಡ್ ವ್ಯಾನ್ ಡರ್ ವಾಲ್ಕ್ 1981ರಲ್ಲಿ ಇದನ್ನು ಜರಡಿಗೆ ಹೋಲಿಸಿದರು. ನೀರಿನ ಮಟ್ಟವೇ ಜರಡಿ. ನೀರು ನಿಂತಾಗ ಕೆಲವು ಬೀಜಗಳಿಗೆ ದಾರಿ, ಇಳಿದಾಗ ಬೇರೆ ಕೆಲವಕ್ಕೆ. ಎಷ್ಟು ಕಾಲ ಕಾಯಬಲ್ಲವು ಅಂತೀರಾ? ಚೀನಾದಲ್ಲಿ ಒಣಗಿದ ಹಳೆಯ ಕೆರೆಯ ತಳದಲ್ಲಿ ಸಿಕ್ಕ ತಾವರೆ ಬೀಜವೊಂದು ಸುಮಾರು 1300 ವರ್ಷ ಹಳೆಯದು. ಅದೂ ಮೊಳೆಯಿತು.

ಹಾಗಾಗಿ ಜೌಗಿನಲ್ಲಿ ಕಣ್ಣಿಗೆ ಕಾಣುವುದು ಅರ್ಧ ಮಾತ್ರ. ಉಳಿದರ್ಧ ಕಾಣಬೇಕಾದರೆ ಮತ್ತೆ ಮತ್ತೆ ಹೋಗಬೇಕು. ತೊಂದರೆ ಇರುವುದೂ ಇಲ್ಲೇ. ಸಂಶೋಧನೆಗೆ ಹಣ ಸಾಮಾನ್ಯವಾಗಿ ಮೂರು ವರ್ಷಕ್ಕೆ ಸಿಗುತ್ತದೆ. ನೀರಿನ ಏರಿಳಿತಕ್ಕೆ ಆ ಲೆಕ್ಕ ಗೊತ್ತಿಲ್ಲ. ನಡುವಿನ ವರ್ಷಗಳಲ್ಲಿ ಹಣ ಇಲ್ಲದೆಯೂ ನಾನು ಹೋಗಿ ಎಣಿಸಿ ಬಂದಿದ್ದೇನೆ. ನನ್ನ ಹತ್ತಿರ ಇರುವ ಅತ್ಯಂತ ಬೆಲೆಬಾಳುವ ಅಂಕಿಅಂಶ ಆ ವರ್ಷಗಳದ್ದೇ.

ಓದುವಾಗ ನಿಮಗೆ ಅಮೆರಿಕದ ಇಬ್ಬರು ಸಸ್ಯ ಪರಿಸರ ವಿಜ್ಞಾನಿಗಳಾದ ಕ್ಲೆಮೆಂಟ್ಸ್ ಮತ್ತು ಗ್ಲೀಸನ್ ಅವರ ಜಗಳ ಸಿಗುತ್ತದೆ. ಸಸ್ಯ ಸಮುದಾಯ ಒಂದೇ ಜೀವಿಯ ಹಾಗೆ ಹುಟ್ಟಿ ಬೆಳೆದು ಬಲಿಯುತ್ತದೆ ಅಂತ 1916ರಲ್ಲಿ ಕ್ಲೆಮೆಂಟ್ಸ್ ಬರೆದರು. ಇಲ್ಲ, ಪ್ರತಿ ಜಾತಿ ತನಗೆ ಒಗ್ಗುವ ಕಡೆ ಬೆಳೆಯುತ್ತದೆ, ಅಕ್ಕಪಕ್ಕ ಇರುವುದು ಅಷ್ಟಕ್ಕೇ ಅಂತ 1926ರಲ್ಲಿ ಗ್ಲೀಸನ್ ಹೇಳಿದರು. ದಡದಿಂದ ಆಳದ ಕಡೆ ನಡೆದುಕೊಂಡು ಹೋಗಿ. ಒಂದೊಂದು ಗಿಡ ಒಂದೊಂದು ಆಳದಲ್ಲಿ ನಿಂತುಬಿಡುತ್ತದೆ, ಗುಂಪಾಗಿ ಅಲ್ಲ. ಗ್ಲೀಸನ್ ಹೇಳಿದ್ದೇ ಸರಿ ಅನ್ನಿಸುತ್ತದೆ. ಆದರೆ ಸ್ಫ್ಯಾಗ್ನಮ್ ಪಾಚಿಯ ಜೌಗಿಗೆ ಹೋದರೆ ನನಗೆ ಅಷ್ಟು ಧೈರ್ಯ ಬರುವುದಿಲ್ಲ. ಆ ಪಾಚಿ ಸುತ್ತಲಿನ ನೀರನ್ನೇ ಹುಳಿ ಮಾಡಿ, ಅಲ್ಲಿ ಯಾರು ಇರಬೇಕು ಯಾರು ಇರಬಾರದು ಅನ್ನುವುದನ್ನು ತಾನೇ ತೀರ್ಮಾನಿಸುತ್ತದೆ.

ಒಂದು ಗಿಡವನ್ನಾದರೂ ಹತ್ತಿರದಿಂದ ತೋರಿಸದೆ ಈ ಉತ್ತರ ಮುಗಿಸಲಾರೆ. ಜೊಂಡಿನ, ಅಂದರೆ ಟೈಫಾದ ಎಲೆಯ ಬುಡವನ್ನು ಅಡ್ಡ ಕತ್ತರಿಸಿ ನೋಡಿ. ಒಳಗೆಲ್ಲಾ ಸಾಲು ಸಾಲು ಖಾಲಿ ಕೋಣೆಗಳು. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಅದಕ್ಕೇ ಈ ಗಿಡ ಮೇಲಿನಿಂದಲೇ ಬೇರಿಗೆ ಗಾಳಿ ಇಳಿಸುತ್ತದೆ. ಈಗ ಬೇರನ್ನು ಕೆಸರಿನಿಂದ ಎತ್ತಿ ತೊಳೆಯಿರಿ. ಕೆಸರು ಕಪ್ಪಗಿದೆ, ಕೊಳೆತ ಮೊಟ್ಟೆಯ ವಾಸನೆ. ಬೇರಿನ ಮೇಲೆ ಮಾತ್ರ ಕೆಂಪು ತುಕ್ಕಿನ ಲೇಪ ಇರುತ್ತದೆ. ಬೇರಿನಿಂದ ಸೋರಿದ ಆಮ್ಲಜನಕ ಕೆಸರಿನ ಕಬ್ಬಿಣಕ್ಕೆ ತಾಗಿ ಆದದ್ದು ಅದು. ಗಿಡ ಉಸಿರಾಡಿದ ಗುರುತು ನಿಮ್ಮ ಅಂಗೈಯಲ್ಲಿ. ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಜೊಂಡನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದರೆ ಎಷ್ಟೋ ಸಲ ಸಾಯುವುದೂ ಇದೇ ಕಾರಣಕ್ಕೆ. ಗಾಳಿಯ ಕೊಳವೆ ಮುಚ್ಚಿಹೋಗುತ್ತದೆ, ಅಲ್ವಾ?

ಈ ವಿದ್ಯೆಗೆ ಉಪಯೋಗ ಇಲ್ಲ ಅಂತ ಯಾರಾದರೂ ಅಂದರೆ ಅಮೆರಿಕದ ಫ್ಲಾರಿಡಾದಲ್ಲಿರುವ ಎವರ್‌ಗ್ಲೇಡ್ಸ್ ಎಂಬ ದೊಡ್ಡ ಜೌಗಿನ ಕಥೆ ಹೇಳಿ. ಹೊಲಗಳಿಂದ ಹರಿದು ಬಂದ ರಂಜಕ ಸೇರಿ, ಅಲ್ಲಿನ ಸಾಗ್ರಾಸ್ ಎಂಬ ಜೇಕಿನ ಜಾಗವನ್ನು ಎಷ್ಟೋ ಕಡೆ ಜೊಂಡು ಆಕ್ರಮಿಸಿತು. ಅಲ್ಲಿ ನೀರಿಗೆ ಹಾಕಿಕೊಂಡ ರಂಜಕದ ಮಿತಿ ಶತಕೋಟಿಗೆ 10 ಭಾಗ. ಅಷ್ಟು ಸಣ್ಣ ಬದಲಾವಣೆಯನ್ನು ಗಿಡಗಳು ತೋರಿಸಿಕೊಡುತ್ತವೆ, ಗುರುತಿಸಬಲ್ಲವರು ಇದ್ದರೆ. ಅಂಥವರು ಕಡಿಮೆ. ಅಂಕಿಅಂಶದ ಸಾಫ್ಟ್‌ವೇರ್ ಬಲ್ಲವರು ಬೇಕಾದಷ್ಟಿದ್ದಾರೆ. ನೀವು ಎರಡನ್ನೂ ಕಲಿಯಿರಿ, ಆದರೆ ಗಿಡ ಮೊದಲು.

ಗೈಡ್ ಹುಡುಕುವಾಗ ಒಂದೇ ಪ್ರಶ್ನೆ ಕೇಳಿ: ಹಳೆಯ ಚೌಕಗಳು ಇವೆಯಾ, ಅವುಗಳ ನಕ್ಷೆ ಇಟ್ಟಿದ್ದೀರಾ? ಇದೆ ಅಂದರೆ ಅಲ್ಲಿಗೇ ಸೇರಿ, ಹೆಸರು ಸಣ್ಣದಾದರೂ ಪರವಾಗಿಲ್ಲ.

ಅಲ್ಲಿಯವರೆಗೆ ಸುಮ್ನೆ ಕೂರಬೇಡಿ. ಹತ್ತಿರದ ಜೌಗಿನ ಅಂಚಿನಿಂದ, ಬೇಕಾದ ಅನುಮತಿ ಪಡೆದು, ಒಂದು ಬೊಗಸೆ ಕೆಸರು ತನ್ನಿ. ಎರಡು ತಟ್ಟೆಗಳಲ್ಲಿ ಬೆರಳು ದಪ್ಪ ಹರಡಿ. ಒಂದನ್ನು ತೇವವಾಗಿಡಿ, ಇನ್ನೊಂದರಲ್ಲಿ ಮೂರು ಬೆರಳು ನೀರು ನಿಲ್ಲಿಸಿ. ಎರಡೂ ಬೆಳಕಿನಲ್ಲಿರಲಿ. ಆರೇಳು ವಾರ ದಿನಾ ನೋಡಿ, ಮೊಳೆತದ್ದನ್ನೆಲ್ಲಾ ಬರೆದಿಡಿ. ಹೆಸರು ಗೊತ್ತಾಗದ ಸಸಿಗಳ ಫೋಟೋ ಇಲ್ಲೇ ಕಳಿಸಿ, ಒಟ್ಟಿಗೆ ಕೂತು ಗುರುತು ಹಿಡಿಯೋಣ.